ಬೀರಪ್ಪನ ಜೊತೆ ಮೈಲಮ್ಮನ ಜಗಳ

ಮಕ್ತಲ್ ಹತ್ತಿರದ ಒಂದು ಹಳ್ಳಿಯ ಕುರಿಗಾರರ ಮನೆಯವಳು ಮೈಲಮ್ಮ. ವಯಸ್ಸು ನಲವತ್ತರ ಆಸುಪಾಸು. ಹದಿನಾರು ವರ್ಷ ಅವಳು ಮದ್ದಿನ ಕಳ್ಳು ಕುಡಿದಳು. ಅದು ಮರದಿಂದ ಇಳಿಸಿದ ಕಳ್ಳಲ್ಲ. ನೀರಿಗೆ ಸ್ಯಾಕರಿನ್ನೂ ಅಮಲೇರಿಸುವ ಬಿಳಿ ಪುಡಿಯೂ ಕಲಸಿ ಮಾಡಿದ್ದು. ಊರಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರಲ್ಲ ಎಂಬ ಸಿಟ್ಟು ಅವಳಿಗೆ ಇನ್ನೂ ಆರಿಲ್ಲ.

ಹತ್ತಿ ಬಿಡಿಸಿ ಬಂದ ಒಂದು ಸಂಜೆ, ಮೈಕೈ ನೋವಿಗೆಂದು ಮೊದಲ ಲೋಟ ಕೊಟ್ಟವಳು ಅತ್ತೆಯೇ. ವರ್ಷ ತುಂಬುವುದರೊಳಗೆ ಅದಿಲ್ಲದೆ ಎದ್ದು ನಿಲ್ಲಲಾಗದ ಗತಿ ಬಂತು. ಮಗಳು ರೇಷ್ಮಾ ಒಂಬತ್ತು ತಿಂಗಳ ಕೂಸಾಗಿದ್ದಾಗ, ಹೊಲದ ಬದುವಿನಲ್ಲಿ ಅಳದೆ ಮಲಗಲಿ ಎಂದು ಅದರ ಬಾಯಿಗೂ ಎರಡು ಚಮಚ ಹಾಕುತ್ತಿದ್ದಳು. ಬೇರೆ ತಾಯಂದಿರೂ ಹಾಗೇ ಮಾಡುತ್ತಿದ್ದರು.

ಎರಡು ವರ್ಷದ ಹಿಂದೆ ಅಧಿಕಾರಿಗಳು ಬಂದು, ಊರಲ್ಲಿ ಈ ಕಳ್ಳು ಮಾರುತ್ತಿದ್ದ ಹನುಮಂತುವಿನ ಅಂಗಡಿಗೆ ಬೀಗ ಹಾಕಿದರು. ಕಳ್ಳು ಸಿಗದೆ ಮೂರನೆಯ ದಿನಕ್ಕೆ ಮೈಲಮ್ಮನ ಕೈ ನಡುಗಿತು, ನಾಲಗೆ ತೊದಲಿತು, ಕತ್ತು ಒಂದು ಕಡೆಗೆ ತಿರುಚಿಕೊಂಡಿತು. ಗೋಡೆಯ ಮೇಲೆ ಕುರಿಗಳು ಹತ್ತುತ್ತಿವೆ ಎಂದು ಕೂಗಿದಳು. ಗಂಡ ಬಾಲಯ್ಯ ಹೆದರಿ ಅವಳನ್ನು ಬೀರಪ್ಪನ ಗುಡಿಗೆ ಹೊತ್ತೊಯ್ದ. ಪೂಜಾರಿ ಮೊಗುಲಪ್ಪ ಹಣೆಗೆ ಭಂಡಾರ ಬಳಿದು, ಮೈಮೇಲೆ ದೇವರು ಬಂದಿದ್ದಾನೆ ಎಂದ. ಜನ ಕಾಲಿಗೆ ಬಿದ್ದರು. ಬಾಯಾರಿ ಅವಳು "ನೀರು, ನೀರು" ಎಂದು ಅರಚಿದರೆ, ಈ ವರ್ಷ ಮಳೆ ಚೆನ್ನಾಗಿ ಆಗುತ್ತದೆ ಎಂಬ ದೇವವಾಣಿ ಅದು ಎಂದುಕೊಂಡರು. ಯಾರೂ ಒಂದು ತಂಬಿಗೆ ನೀರು ಕೊಡಲಿಲ್ಲ.

ಕೊನೆಗೆ ಅವಳಿಗೆ ಫಿಟ್ಸ್ ಬಂತು. ಆಗ ಹದಿನೈದರ ರೇಷ್ಮಾ ಜನರನ್ನು ತಳ್ಳಿಕೊಂಡು ಬಂದು, ಇದು ದೇವರಲ್ಲ, ನಮ್ಮವ್ವ ಸಾಯುತ್ತಿದ್ದಾಳೆ ಎಂದು ಜಗಳ ಮಾಡಿ ಆಂಬುಲೆನ್ಸ್ ಕರೆಸಿದಳು.

ನಾರಾಯಣಪೇಟೆಯ ಆಸ್ಪತ್ರೆಯಲ್ಲಿ ಮೈಲಮ್ಮ ಹತ್ತೊಂಬತ್ತು ದಿನ ಇದ್ದಳು. ಚಟ ಬಿಡುವವರನ್ನು ಕೂಡಿಸಿ ಮಾತಾಡಿಸಲು ಅಲ್ಲಿಗೆ ವಸುಧಾ ಬರುತ್ತಿದ್ದಳು. ಗದ್ವಾಲದ ಅರ್ಚಕರ ಮನೆಯ ಹೆಣ್ಣುಮಗಳು. ಮಾತು ಶುರುವಾಗುವ ಮೊದಲು ಎಲ್ಲರೂ ತಮ್ಮ ತಮ್ಮ ದೇವರನ್ನು ನೆನೆದು ಕೈ ಮುಗಿಯುವುದು ರೂಢಿ. ಮೈಲಮ್ಮ ಮುಗಿಯಲಿಲ್ಲ.

"ಯಾವ ದ್ಯಾವ್ರಿಗೆ ಮುಗೀಲಿ ಅಕ್ಕಾರ? ನಾ ಸಾಯಾಕ ಹತ್ತಿದ್ರ ಮಂದಿನ್ನ ನನ್ನ ಕಾಲಿಗೆ ಬೀಳಿಸಿಗೋತ ಕುಂತಾಂವಗ?"

ವಸುಧಾ ಬೇಸರಪಡಲಿಲ್ಲ. "ಮುಗೀಬ್ಯಾಡ್ರಿ. ಇದನ್ನ ನನಗ್ಯಾಕ ಹೇಳ್ತೀರಿ? ಅವನಿಗೇ ಹೇಳ್ರಿ."

ಮರುದಿನದಿಂದ ಮೈಲಮ್ಮ ಬೆಳಗ್ಗೆ ಕಿಟಕಿಯ ಬಳಿ ನಿಂತು ಬೀರಪ್ಪನನ್ನು ಬೈಯತೊಡಗಿದಳು. ಹನುಮಂತು ಪುಡಿ ಕಲಸುವಾಗ ಕಣ್ಣು ಮುಚ್ಚಿದ್ದೆಯಾ, ಕೂಸಿನ ಬಾಯಿಗೆ ನಾನು ವಿಷ ಹಾಕುವಾಗ ನನ್ನ ಕೈ ಯಾಕೆ ಹಿಡಿಯಲಿಲ್ಲ ಎಂದು ಕೇಳಿದಳು. ಹತ್ತನೆಯ ದಿನವೋ ಏನೋ, ಬೈಗುಳ ಮುಗಿದ ಮೇಲೂ ಅವಳು ಅಲ್ಲಿಂದ ಕದಲಲಿಲ್ಲ. ಕಳ್ಳು ನೆನಪಾಗದೆ ಬಹಳ ಹೊತ್ತಾಗಿತ್ತು. ಬೈಯಲು ಅವನು ಅಲ್ಲಿ ಇರಲೇಬೇಕಲ್ಲ ಎಂದು ಅವಳಿಗೆ ಹೊಳೆಯಿತು. ಇದ್ದಾನೆ ಎಂದುಕೊಂಡೇ ಇಷ್ಟು ದಿನ ಬೈದಿದ್ದಳು.

ಮನೆಗೆ ಬಂದ ವಾರಕ್ಕೆ, ರೊಟ್ಟಿ ತಟ್ಟುತ್ತಿದ್ದ ರೇಷ್ಮಾಳ ಎದುರು ಕುಳಿತು ಆ ಎರಡು ಚಮಚದ ಮಾತನ್ನು ಹೇಳಿಬಿಟ್ಟಳು. ಹುಡುಗಿ ಹಿಟ್ಟು ಬಿಟ್ಟು ಎದ್ದು ಹೋದಳು. ನಾಲ್ಕು ದಿನ ತಾಯಿಯ ಮುಖ ನೋಡಲಿಲ್ಲ. ಐದನೆಯ ದಿನ ತಾನೇ ಬಂದು ಬಾಗಿಲಲ್ಲಿ ನಿಂತಳು.

"ನಿನ್ನ ಮ್ಯಾಲ ಸಿಟ್ಟೈತಿ, ಇರ್ತೈತಿ. ಆದ್ರ ನೀ ಬಾಯಿಬಿಟ್ಟು ಹೇಳಿದಿ. ಈ ಊರಾಗ ಯಾವ ಅವ್ವನೂ ಹೇಳಿಲ್ಲ."

ಆ ಸಿಟ್ಟನ್ನು ಮೈಲಮ್ಮ ಒಪ್ಪಿಕೊಂಡಳು. ಅದು ತನಗೆ ಸಲ್ಲಬೇಕಾದದ್ದೇ ಎಂದಳು.

ಮೊಗುಲಪ್ಪ ಮಾತ್ರ ಬಿಡಲಿಲ್ಲ. ಭಾನುವಾರ ಗುಡಿಯಲ್ಲಿ ಕುಳಿತು ದೇವರ ಹೇಳಿಕೆ ಹೇಳಬೇಕು, ಜನ ಕಾಯುತ್ತಿದ್ದಾರೆ ಎಂದು ಹೇಳಿಕಳಿಸಿದ. ಅವಳು ಹೋದಳು. ನೆರೆದವರ ಮುಂದೆ, ಅವತ್ತು ನನ್ನ ಮೈಮೇಲೆ ಬಂದಿದ್ದು ಬೀರಪ್ಪನಲ್ಲ, ಹನುಮಂತುವಿನ ಪುಡಿ ಎಂದಳು. ದೇವರ ಮುಂದೆ ಇಂಥ ಮಾತೇ ಎಂದು ಪೂಜಾರಿ ಗದರಿಸಿದ. ಅವಳು ದನಿ ತಗ್ಗಿಸಲಿಲ್ಲ.

"ದ್ಯಾವ್ರಿಗೂ ನನಗೂ ಜಗಳ ಐತಿ, ಅದನ್ನ ನಾವಿಬ್ರೂ ಮಾಡ್ಕೋತೀವಿ. ನೀ ನಡುವ ಬರಬ್ಯಾಡಪ್ಪ."

ಹನುಮಂತುವಿನ ಅಂಗಡಿ ಮತ್ತೆ ತೆರೆದಿದೆ. ಅದರ ಮುಂದೆ ಹಾಯುವಾಗ ಅವಳ ಗಂಟಲು ಈಗಲೂ ಒಣಗುತ್ತದೆ. ಇಲ್ಲಿಯವರೆಗೆ ಎಂಟು ಹೆಂಗಸರನ್ನು ಅವಳು ನಾರಾಯಣಪೇಟೆಗೆ ಕರೆದೊಯ್ದಿದ್ದಾಳೆ. ಮೂವರು ಮತ್ತೆ ಕುಡಿದರು. ಅವರಲ್ಲಿ ಪೆಂಟಮ್ಮನನ್ನು ಮನೆ ಬಾಗಿಲಲ್ಲೇ ನಿಂತು ಬಾಯಿಗೆ ಬಂದಂತೆ ಬೈದಳು. ಮರುದಿನ ಅವಳ ಸೀರೆ ಚೀಲಕ್ಕೆ ತುಂಬಿಕೊಂಡು, ಕೈ ಹಿಡಿದು ಮತ್ತೆ ನಾರಾಯಣಪೇಟೆಯ ಬಸ್ಸು ಹತ್ತಿಸಿದಳು.