ನೊಯ್ಲೀನ್ ಸೋತೆವೆಂದ ಪಂದ್ಯ

ನೊಯ್ಲೀನ್ ಕ್ವಿಗ್ಲಿ ಸಿಟ್ಟಿನ ಹೆಂಗಸು ಎಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕಾಯಿಲೆಯೊಂದರ ಹೆಸರು ಹೇಳುವ ಹಾಗೆ ಹೇಳುತ್ತಾರೆ. ಅವಳ ಹೆಗಲಿಗೆ ತೋಳು ಬಿಗಿದು, ಕಿವಿಗೆ ಕಿವಿ ಉಜ್ಜಿಕೊಂಡು, ವರ್ಷಗಟ್ಟಲೆ ರಗ್ಬಿಯ ಸ್ಕ್ರಮ್‌ನಲ್ಲಿ ತಲೆ ತಗ್ಗಿಸಿ ಎದುರು ಸಾಲಿನ ಜೊತೆ ತಳ್ಳಾಡಿದವಳು ನಾನು. ಆ ಸಿಟ್ಟು ಎಲ್ಲಿಂದ ಬಂತು ಎಂದು ನನಗೆ ಗೊತ್ತು.

ನಮ್ಮದು ಕ್ವೀನ್ಸ್‌ಲ್ಯಾಂಡಿನ ಉತ್ತರಕ್ಕೆ, ಮೆಕೈ ಕಡೆಯ ಸಕ್ಕರೆ ಕಾರ್ಖಾನೆಯ ಊರು. ನೊಯ್ಲೀನ್ ಕಬ್ಬಿನ ರೈಲು ಓಡಿಸುತ್ತಿದ್ದಳು. ಅವಳಪ್ಪ ಡೆಸ್ ಅದೇ ಕಾರ್ಖಾನೆಯಲ್ಲಿ ಫಿಟ್ಟರ್. ರಗ್ಬಿ ಲೀಗ್ ಎಂದರೆ ಅನ್ನ ನೀರು ಬಿಡುವ ಮನುಷ್ಯ. ಊರಿನ ಹುಡುಗರ ತಂಡಕ್ಕೆ ಅವನೇ ಯಜಮಾನ. ಮೂವರು ಗಂಡುಮಕ್ಕಳಿದ್ದರು, ಮೂವರಿಗೂ ಚೆಂಡು ಕೈಗೆ ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿದ್ದದ್ದು ನೊಯ್ಲೀನಳಿಗೆ. ಹುಡುಗರ ನಡುವೆ ಅವಳೊಬ್ಬಳೇ ಹುಡುಗಿ, ಎದುರು ಬಂದವರನ್ನು ಕೆಡವಿಕೊಂಡು ಓಡುತ್ತಿದ್ದಳು. ಹನ್ನೆರಡು ತುಂಬಿದ ಮೇಲೆ ಹುಡುಗಿಯರು ಹುಡುಗರ ಜೊತೆ ಆಡಬಾರದೆಂದು ನಿಯಮ. ಆ ನಿಯಮವನ್ನು ಅವಳಿಗೆ ಹೇಳಿದವನು ಅಪ್ಪನೇ. ಮೈದಾನದ ಅಂಚಿನಲ್ಲಿ, ಹುಡುಗರೆಲ್ಲ ನೋಡುತ್ತಿರುವಾಗ, "ಇನ್ನು ಸಾಕು ಕಣಮ್ಮ, ಬೂಟು ಬಿಚ್ಚು" ಅಂದ. ಅವಳು ಬಿಚ್ಚಿದಳು. ಬಿಚ್ಚಿದ ಬೂಟುಗಳನ್ನು ಅಪ್ಪನ ಎದೆಗೆ ಎಸೆದು ಬರಿಗಾಲಲ್ಲಿ ಮನೆಗೆ ಹೋದಳು.

ಮೆಕೈಯಲ್ಲಿ ಹೆಂಗಸರ ತಂಡ ಶುರುವಾಗುವ ಹೊತ್ತಿಗೆ ಅವಳು ಕಾರ್ಖಾನೆಗೆ ಸೇರಿದ್ದಳು. ನಾನು ಬೇಕರಿಯಲ್ಲಿದ್ದೆ. ಆಯ್ಕೆಯ ದಿನ ಇಬ್ಬರೂ ಪಕ್ಕಪಕ್ಕ ನಿಂತೆವು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ ಹೆಸ್ರೇನು?" ಅಂದಳು. "ಡಾಟ್" ಅಂದೆ. "ಸರಿಯಾಗೇ ಇಟ್ಟಿದಾರೆ, ಚುಕ್ಕೆ ಥರಾನೇ ಇದ್ದೀಯ. ನನ್ ಪಕ್ಕ ಬಿಟ್ಟು ಅಲ್ಲಾಡ್ಬೇಡ" ಅಂದಳು. ಅಲ್ಲಾಡಲಿಲ್ಲ. ಕೊನೆಗೆ ಇಬ್ಬರೂ ರಾಜ್ಯದ ತಂಡಕ್ಕೆ ಆಯ್ಕೆಯಾದೆವು. ಗಂಡಸರ ತಂಡ ಆಡಿ ಬಿಟ್ಟ ಹಳೆಯ ಕಡುಗೆಂಪು ಜೆರ್ಸಿಗಳೇ ನಮಗೆ. ನನ್ನದು ಮೊಣಕಾಲಿಗೆ ಬರುತ್ತಿತ್ತು. ಆದರೂ ರಾಜ್ಯದ ಕಡುಗೆಂಪು ಕಡುಗೆಂಪೇ.

ಎದುರಾಳಿ ಎಂದರೆ ನ್ಯೂ ಸೌತ್ ವೇಲ್ಸ್. ನಾವು ಅವರನ್ನು ಜಿರಳೆಗಳು ಅನ್ನುತ್ತೇವೆ, ಅವರು ನಮ್ಮನ್ನು ಕಬ್ಬಿನ ಗದ್ದೆಯ ಕಪ್ಪೆಗಳು ಅನ್ನುತ್ತಾರೆ. ವರ್ಷಕ್ಕೊಂದು ಪಂದ್ಯ. ಅವರ ನಾಯಕಿ ಕೆರಿನ್ ಬೊರ್ಗ್, ಸಿಡ್ನಿಯ ಪಶ್ಚಿಮದವಳು, ಕಸದ ಲಾರಿ ಓಡಿಸುವವಳು. ನೊಯ್ಲೀನ್ ನಮ್ಮ ನಾಯಕಿ. ಕೆರಿನ್ ಒಂದು ವರ್ಷ ಇವಳ ಮೂಗು ಮುರಿದಳು. ಮರುವರ್ಷ ಇವಳು ಅವಳ ಪಕ್ಕೆಲುಬು ಮುರಿದಳು. ಸ್ಕ್ರಮ್‌ನಲ್ಲಿ ಇಬ್ಬರೂ ಹಣೆಗೆ ಹಣೆ ಹಚ್ಚಿ ಆಡುತ್ತಿದ್ದ ಮಾತು ಕೇಳಿ ಪಕ್ಕದಲ್ಲೇ ಇದ್ದ ನನ್ನ ಕಿವಿ ಕಾದುಹೋಗುತ್ತಿತ್ತು. ಆದರೆ ನೊಯ್ಲೀನ್ ನಾಯಕಿಯಾದ ಮೇಲೆ ನಾವು ಒಂದೂ ಸೋತಿರಲಿಲ್ಲ.

ಇಷ್ಟೆಲ್ಲ ನಡೆದದ್ದು ಯಾರ ಕಣ್ಣಿಗೂ ಬೀಳದ ಮೈದಾನಗಳಲ್ಲಿ. ಡೆಸ್ ಅಂತೂ ಒಂದು ಸಲವೂ ಬರಲಿಲ್ಲ. "ಹೆಂಗಸರ ರಗ್ಬಿ ರಗ್ಬಿಯೇ ಅಲ್ಲ" ಅನ್ನುವುದು ಅವನ ಮಾತು. ಒಂದು ವರ್ಷ ನಮ್ಮ ಪಂದ್ಯವನ್ನು ಬ್ರಿಸ್ಬೇನಿನ ದೊಡ್ಡ ಮೈದಾನದಲ್ಲಿ, ಸಂಜೆಯ ಗಂಡಸರ ಪಂದ್ಯಕ್ಕೆ ಮುಂಚೆ ಆಡಿಸುತ್ತೇವೆಂದು ಮೇಲಿನವರು ಮಾತು ಕೊಟ್ಟರು. ಪೂರ್ತಿ ಆಟ, ಜನ ಕೂತ ಮೈದಾನ. ನೊಯ್ಲೀನ್ ಅಪ್ಪನ ಮುಂದೆ ನಿಂತು ಅದನ್ನು ಹೇಳಿದಳು.

"ದೊಡ್ಡ ಮೈದಾನದಲ್ಲಾ? ಸುಳ್ಳಲ್ಲ ತಾನೆ?"

"ಬಾ, ನೋಡು."

"ಬರ್ತೀನಿ ಬಿಡು. ಗಂಡಸ್ರ ಆಟ ನೋಡ್ದಂಗೂ ಆಯ್ತು."

ಕಬ್ಬು ನುರಿಯುವ ಹಂಗಾಮು ಆಗಷ್ಟೇ ಶುರುವಾಗಿತ್ತು. ಯಾರ್‍ಯಾರಿಗೋ ಪಾಳಿ ಬದಲಿಸಿಕೊಟ್ಟು, ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು, ಹಗಲೆಲ್ಲ ಗಾಡಿ ಓಡಿಸಿ ಅವಳು ಬ್ರಿಸ್ಬೇನ್ ಮುಟ್ಟಿದಳು.

ಪಂದ್ಯದ ಮಧ್ಯಾಹ್ನ ನಾವು ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಾಗ ಗ್ರೇಮ್ ಟನ್‌ಸ್ಟಲ್ ಬಾಗಿಲಲ್ಲಿ ಕಾಣಿಸಿಕೊಂಡ. ಆ ದಿನದ ಏರ್ಪಾಟುಗಳೆಲ್ಲ ಅವನ ಕೈಯಲ್ಲಿದ್ದವು. ಒಳಗೆ ಬರಲಿಲ್ಲ, ಬಾಗಿಲು ಹಿಡಿದೇ ಮಾತಾಡಿದ.

"ಹುಡುಗೀರಾ, ಸಣ್ಣದೊಂದು ಬದಲಾವಣೆ. ಹಿಂದಗಡೆ ಪ್ರಾಕ್ಟೀಸ್ ಮೈದಾನ ಇದೆಯಲ್ಲ, ಅಲ್ಲಿ ಆಡಿಬಿಡಿ. ದೊಡ್ಡದ್ರಲ್ಲಿ ಸಂಜೆ ಕಾರ್ಯಕ್ರಮದ ರಿಹರ್ಸಲ್ ಇಟ್ಕೊಂಡಿದಾರೆ. ಹಾಡು, ಡ್ರಮ್ಮು, ಪಟಾಕಿ. ಟಿವಿಯವ್ರು ಬಂದು ಕಾಯ್ತಿದಾರೆ. ಹುಲ್ಲೂ ಹಾಳಾಗ್ಬಾರ್ದು ನೋಡಿ. ಆಮೇಲೆ, ಆಟ ಒಂಚೂರು ಚಿಕ್ಕದು ಮಾಡಿದೀವಿ. ಮಾಮೂಲಿ ಹೊತ್ತಿನ ಅರ್ಧ."

ನೊಯ್ಲೀನ್ ಬೂಟಿನ ಲೇಸು ಕೈಯಲ್ಲೇ ಹಿಡಿದು ತಲೆ ಎತ್ತಿದಳು.

"ಹುಲ್ಲು ಹಾಳಾಗುತ್ತಾ? ಡ್ರಮ್ ಹೊತ್ಕೊಂಡು ಬರೋರು ಹಾರ್ಕೊಂಡು ಬರ್ತಾರಾ?"

"ನೋಡಮ್ಮಾ, ನನ್ ಕೈಲಿಲ್ಲ ಅದು..."

"ಮಾತು ಕೊಟ್ಟಿದ್ದು ನೀವು."

"ಪರಿಸ್ಥಿತಿ ಅರ್ಥ ಮಾಡ್ಕೋಬೇಕು. ಆಡಲ್ಲ ಅಂದ್ರೆ ಹೇಳಿ, ಬಸ್ಸು ಕರೆಸ್ತೀನಿ."

"ಬಸ್ಸಾ? ನೀನೇ ಹತ್ಕೊಂಡು ಹೋಗು!" 'ನೀವು' ಹೋಗಿ 'ನೀನು' ಬಂದಿತ್ತು. ಅವನು ಬಾಗಿಲು ಎಳೆದುಕೊಂಡು ಹೋದ. ಅವಳು ಎಸೆದ ಬೂಟು ಮುಚ್ಚಿದ ಬಾಗಿಲಿಗೆ ಬಡಿಯಿತು.

ನಮ್ಮ ತಂಡದಲ್ಲಿ ಮೊದಲ ಸಲ ಜೆರ್ಸಿ ತೊಟ್ಟ ಹುಡುಗಿಯರಿದ್ದರು. ಒಬ್ಬಳು ಮುಖ ಮುಚ್ಚಿಕೊಂಡು ಅಳತೊಡಗಿದಳು. ನೊಯ್ಲೀನ್ ಅವಳನ್ನು ನೋಡಿದಳು, ಹೋಗಿ ಬೂಟು ಎತ್ತಿಕೊಂಡು ಹಾಕಿಕೊಂಡಳು. "ಡಾಟ್, ಬಾ" ಅಂದು ನನ್ನನ್ನು ಎಳೆದುಕೊಂಡು ನೇರ ಎದುರಾಳಿಗಳ ಕೋಣೆಗೆ ನುಗ್ಗಿದಳು.

ಕೆರಿನ್ ಬೊರ್ಗ್ ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. "ಏನೇ ಕಪ್ಪೆ, ದಾರಿ ತಪ್ತಾ?"

"ನಿಮಗೂ ಹೇಳಿದ್ನಾ ಅವನು?"

"ಹೇಳ್ದ."

"ಆಡೋದು ಬೇಡ. ಎರಡೂ ತಂಡ ಕೂತ್ಬಿಡೋಣ."

"ಆಡಲ್ಲ ಅಂದ್ರೆ ಅವ್ರಿಗೆ ಹಬ್ಬ ಕಣೇ. ಮುಂದಿನ ವರ್ಷ ಹಿಂದಗಡೆ ಮೈದಾನಾನೂ ಸಿಗಲ್ಲ." ಕೆರಿನ್ ಬಾಳೆಹಣ್ಣಿನ ಸಿಪ್ಪೆಯನ್ನು ಮೂಲೆಗೆ ಎಸೆದಳು. "ಆಡೋಣ. ಆಟ ಮುಗೀತು ಅಂತ ಸೈರನ್ ಕೂಗುತ್ತಲ್ಲ, ಅದು ಕೇಳಿಸ್ಲೇ ಇಲ್ಲ ಅಂದ್ಕೋ. ಪೂರ್ತಿ ಆಟ ಮುಗಿಸಿಯೇ ಹೊರಗೆ ಬರೋದು."

"ರೆಫರಿ?"

"ಇದ್ರೆ ಇರ್ಲಿ, ಹೋದ್ರೆ ಹೋಗ್ಲಿ."

"ನೀನು ಮೋಸ ಆಡ್ತೀಯ."

"ನೀನೂ ಆಡ್ತೀಯಲ್ಲ, ಸಮ ಆಗುತ್ತೆ."

ಕೈ ಕುಲುಕಲಿಲ್ಲ. ನೊಯ್ಲೀನ್ ತಿರುಗಿ ಹೊರಟಳು.

ಹಿಂದಿನ ಮೈದಾನದಲ್ಲಿ ಕೂರಲು ಒಂದು ಬೆಂಚೂ ಇರಲಿಲ್ಲ. ತಂತಿ ಬೇಲಿಯ ಆಚೆ ನಮ್ಮ ಮನೆಮಂದಿ ನಿಂತಿದ್ದರು. ಡೆಸ್ ಕೈಯಲ್ಲೊಂದು ಮಾಂಸದ ಪೈ ಹಿಡಿದು, ಹೆಂಡತಿಗೆ ಏನೋ ಗೊಣಗುತ್ತಿದ್ದ. ಆಚೆ ದೊಡ್ಡ ಮೈದಾನದಿಂದ ಡ್ರಮ್ಮಿನ ಸದ್ದು ಬಂದು ನಮ್ಮ ಮಾತು ನಮಗೇ ಕೇಳಿಸುತ್ತಿರಲಿಲ್ಲ.

ಅಷ್ಟು ಕೆರಳಿದ ಆಟವನ್ನು ನಾನು ಮತ್ತೆಂದೂ ಆಡಿಲ್ಲ. ಟನ್‌ಸ್ಟಲ್‌ಗೆ ಕೊಡಬೇಕಾದ ಏಟುಗಳನ್ನೆಲ್ಲ ನಾವು ಒಬ್ಬರಿಗೊಬ್ಬರು ಕೊಟ್ಟೆವು. ನೊಯ್ಲೀನ್ ಚೆಂಡು ಎದೆಗವಚಿ ನುಗ್ಗಿದರೆ ಮೂವರು ನೇತಾಡಿಕೊಂಡು ಹೋಗುತ್ತಿದ್ದರು. ಹಾಗೇ ನುಗ್ಗಿ ಗೆರೆ ದಾಟಿ, ಚೆಂಡನ್ನು ನೆಲಕ್ಕೊತ್ತಿ ನಮ್ಮ ಮೊದಲ ಟ್ರೈ ಗಳಿಸಿದಳು, ನಾಲ್ಕು ಅಂಕ. ಅವರೂ ಬಿಡಲಿಲ್ಲ. ಸೈರನ್ ಕೂಗಿದಾಗ ನಾವು ಹನ್ನೆರಡು, ಅವರು ಹತ್ತು. ಬೇಲಿಯಾಚೆ ಡೆಸ್ ಟೋಪಿ ಬೀಸಿ ಕೂಗಿದ್ದು ನನಗೆ ಕಾಣಿಸಿತು.

ಆಟ ನಿಲ್ಲಲಿಲ್ಲ. ರೆಫರಿ ಸೀಟಿ ಊದಿದ, ಇನ್ನೊಮ್ಮೆ ಊದಿದ. ಕೆರಿನ್ ಚೆಂಡು ಹಿಡಿದು ಅವನನ್ನು ದಾಟಿಕೊಂಡೇ ಓಡಿದಳು, ನಾನೂ ನೊಯ್ಲೀನಳೂ ಹೋಗಿ ಅವಳನ್ನು ಕೆಡವಿದೆವು. ಟನ್‌ಸ್ಟಲ್ ಅಂಚಿನಲ್ಲಿ ಕೈಯಾಡಿಸುತ್ತ ಕೂಗಿದ. ರೆಫರಿ ಭುಜ ಹಾರಿಸಿ ಹೊರಗೆ ನಡೆದ.

ಅಲ್ಲಿಂದ ಮುಂದೆ ಮೈದಾನದಲ್ಲಿ ನಾವು ಮಾತ್ರ. ಮೊದಲ ತಪ್ಪು ಕೆರಿನ್‌ದೇ ಆಯಿತು. ಚೆಂಡು ಅವಳ ಬೆರಳಿಗೆ ತಗುಲಿ ಮುಂದಕ್ಕೆ ಬಿತ್ತು. ನಮ್ಮ ಆಟದಲ್ಲಿ ಚೆಂಡು ಕೈಯಿಂದ ಮುಂದಕ್ಕೆ ಹೋಗಬಾರದು, ಎಸೆದರೂ ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ. ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಅವಳು ನಿಂತಳು. "ಕೈ ತಗುಲ್ತು. ಚೆಂಡು ನಿಮ್ದು" ಅಂದು ಎಸೆದಳು. ಆಮೇಲೆ ನಮ್ಮ ಹುಡುಗಿಯೊಬ್ಬಳು ಕತ್ತಿಗೆ ತೋಳು ಹಾಕಿ ಅವರವಳನ್ನು ಉರುಳಿಸಿದಾಗ ನೊಯ್ಲೀನ್ ಅವಳ ಕಾಲರ್ ಹಿಡಿದೆತ್ತಿದಳು. "ಎತ್ತರಕ್ಕೆ ಹಿಡ್ದೆ. ಹೋಗು, ಹಿಂದಕ್ಕೆ!" ಬೈಗುಳ ನಿಲ್ಲಲಿಲ್ಲ, ಗುದ್ದಾಟ ನಿಲ್ಲಲಿಲ್ಲ, ಆದರೆ ಮೋಸ ಮಾತ್ರ ಯಾರೂ ಆಡಲಿಲ್ಲ. ಗಡಿಯಾರ ನೋಡುತ್ತಿದ್ದವಳು ಅವರ ತಂಡದ ದಾದಿ. ಅವಳ ಮಾತಿಗೆ ನಾವೂ ಒಪ್ಪಿದ್ದೆವು.

ಆಟ ಮುಗಿಯುವ ಹೊತ್ತಿಗೆ ಕೆರಿನ್ ನಮ್ಮ ಗೆರೆಯ ಹತ್ತಿರ ಚೆಂಡನ್ನು ಪಕ್ಕಕ್ಕೆ ಎಸೆದಳು, ಅವರ ತೆಳ್ಳಗಿನ ಹುಡುಗಿಯೊಬ್ಬಳು ಹಿಡಿದು ಮೂಲೆಯಲ್ಲಿ ಟ್ರೈ ಗಳಿಸಿದಳು. ಅವರು ಹದಿನಾಲ್ಕು, ನಾವು ಹನ್ನೆರಡು. ದಾದಿ ಕೈ ಎತ್ತಿದಳು. ನಾವು ಸೋತಿದ್ದೆವು. ನೊಯ್ಲೀನ್ ಮಂಡಿಯೂರಿ ನೆಲಕ್ಕೆ ಗುದ್ದಿದಳು.

ಟನ್‌ಸ್ಟಲ್ ಕಪ್ ಹಿಡಿದು ಬಂದ, ಜೊತೆಗೊಬ್ಬ ಫೋಟೋದವನು. "ನಿಮ್ ಹುಡುಗಾಟ ಮುಗೀತಾ? ಸೈರನ್ ಕೂಗಿದಾಗ ಹನ್ನೆರಡು-ಹತ್ತು. ಕ್ವೀನ್ಸ್‌ಲ್ಯಾಂಡ್ ಗೆದ್ದಿದೆ. ಬಾಮ್ಮಾ, ನಗು."

ನೊಯ್ಲೀನ್ ಅವನ ಕೈಯಿಂದ ಕಪ್ ಕಿತ್ತುಕೊಂಡು ದುಡುದುಡು ನಡೆದು ಕೆರಿನ್‌ಳ ಎದೆಗೆ ಒತ್ತಿದಳು. "ತಗೋ. ಮುಂದಿನ ವರ್ಷ ಕಿತ್ಕೋತೀನಿ."

"ಕಿತ್ಕೋ ನೋಡೋಣ" ಅಂದಳು ಕೆರಿನ್. ನಗಲಿಲ್ಲ.

ನಮ್ಮವರಿಗೆ ಹೊಟ್ಟೆ ಉರಿದುಹೋಯಿತು. ನನಗೂ. ಇಷ್ಟು ವರ್ಷ ಸೋಲದೆ ಬಂದವರು, ಕೈಗೆ ಕೊಟ್ಟ ಗೆಲುವನ್ನು ಜಿರಳೆಗಳಿಗೆ ಎತ್ತಿಕೊಡುವುದೇ? "ಕೇಳ್ಬೇಕಿತ್ತು ನಮ್ಮನ್ನ" ಅಂದೆ.

"ಏನು ಕೇಳೋದೇ? ಅರ್ಧ ಆಟದ ಗೆಲುವು ತೊಗೊಂಡ್ರೆ ಅರ್ಧ ಆಟವೇ ನಮಗೆ ಸಾಕು ಅಂದಂಗಾಯ್ತು. ಸಾಕಾ ನಿಂಗೆ?"

ಇಬ್ಬರೂ ಹೊರಗೆ ನಡೆದೆವು. ಗಾಡಿಯ ಹತ್ತಿರ ಡೆಸ್ ಕಾಯುತ್ತಿದ್ದ. ಅವನ ಮುಖ ಜೆರ್ಸಿಯಷ್ಟೇ ಕೆಂಪಾಗಿತ್ತು.

"ತಲೆ ಕೆಟ್ಟಿದ್ಯೇನೇ ನಿಂಗೆ? ಗೆದ್ದ ಕಪ್ಪು ಅವ್ರಿಗೆ ಕೊಟ್ಟು ಬಂದ್ಯಲ್ಲ! ಊರಲ್ಲಿ ಏನಂತ ಹೇಳ್ಲಿ?"

"ಸೋತ್ವಿ ಅಂತ ಹೇಳು."

"ಸೈರನ್ ಆದ್ಮೇಲೆ ಆಡಿದ್ದು ಆಟ ಅಲ್ಲ!"

"ನಿಂಗೆ ನಾನು ಆಡಿದ್ದು ಯಾವತ್ತು ಆಟ ಆಗಿತ್ತಪ್ಪಾ?" ಅವಳು ಗಾಡಿಯ ಬಾಗಿಲಿಗೆ ಗುದ್ದಿದಳು. "ಇಷ್ಟು ವರ್ಷಕ್ಕೆ ಇವತ್ತು ಬಂದೆ. ಚೆನ್ನಾಗಿ ಆಡ್ದೆ ಅಂತ ಒಂದ್ ಮಾತು ಬಂತಾ ಬಾಯಲ್ಲಿ? ಕಪ್ಪು, ಕಪ್ಪು!"

ಅವಳಮ್ಮ ನಡುವೆ ಬಂದಳು. ಡೆಸ್ ಗಂಡಸರ ಪಂದ್ಯ ನೋಡಲು ಹೋಗಲಿಲ್ಲ, ಗಾಡಿಯಲ್ಲಿ ಹೋಗಿ ಕೂತ. ಊರು ಮುಟ್ಟುವವರೆಗೆ ಅಪ್ಪ ಮಗಳು ಮಾತಾಡಲಿಲ್ಲವಂತೆ.

ಇಬ್ಬರು ನಾಯಕಿಯರನ್ನೂ ಎರಡು ವರ್ಷ ಹೊರಗಿಟ್ಟರು. ಆಟಕ್ಕೆ ಅವಮಾನ ಮಾಡಿದ್ದಕ್ಕೆ ಎಂದು ಕಾರಣ ಕೊಟ್ಟರು. ಹುಲ್ಲಿನ ಮೇಲೆ ಡ್ರಮ್ ಬಾರಿಸಿದವರಿಗೆ ಯಾರೂ ಏನೂ ಅನ್ನಲಿಲ್ಲ. ಎರಡು ವರ್ಷ ಕಳೆಯುವ ಮುಂಚೆ ಊರಿನ ಪಂದ್ಯವೊಂದರಲ್ಲಿ ನೊಯ್ಲೀನಳ ಮಂಡಿ ಹೋಯಿತು. ರಾಜ್ಯದ ಜೆರ್ಸಿ ಮತ್ತೆ ತೊಡಲಿಲ್ಲ. ನಾನು ಇನ್ನೆರಡು ಪಂದ್ಯ ಆಡಿದೆ. ಪಕ್ಕದಲ್ಲಿ ಬೇರೆ ಹೆಗಲು ಇತ್ತು. ಒಗ್ಗಲಿಲ್ಲ.

ಮಂಡಿ ಹೋದ ಮೇಲೆ ಅವಳು ಊರಿನ ಕ್ಲಬ್ಬಿನವರ ತಲೆ ತಿಂದು, ಸಭೆ ಸಭೆಗೂ ಹೋಗಿ ಕೂಗಾಡಿ, ಹನ್ನೆರಡು ದಾಟಿದ ಹುಡುಗಿಯರಿಗೆ ತಂಡ ಕಟ್ಟಿದಳು. ಈಗಲೂ ಅವಳೇ ಕಲಿಸುತ್ತಾಳೆ. ಅವಳ ಬೈಗುಳ ಕಾರ್ಖಾನೆಯ ಗೇಟಿನವರೆಗೆ ಕೇಳಿಸುತ್ತದೆ.

ಹೋದ ವರ್ಷ, ರಾಜ್ಯದ ಹುಡುಗಿಯರು ಜನ ತುಂಬಿದ ದೊಡ್ಡ ಮೈದಾನದಲ್ಲಿ ಆಡುವ ವಾರ, ಮೆಕೈ ರೇಡಿಯೋದವರು ಅವಳನ್ನು ಕರೆಸಿದರು. ನಾನು ಬೇಕರಿಯಲ್ಲಿ ಹಿಟ್ಟು ನಾದುತ್ತ ಕೇಳುತ್ತಿದ್ದೆ.

"ನಾಯಕಿಯಾಗಿ ನೀವು ಒಂದೂ ಪಂದ್ಯ ಸೋಲಲಿಲ್ಲ, ಅಲ್ವಾ?" ಅಂದ ರೇಡಿಯೋದವನು.

"ಒಂದು ಸೋತಿದೀನಿ. ಹದಿನಾಲ್ಕು-ಹನ್ನೆರಡು."

"ನಮ್ಮ ಲೆಕ್ಕದಲ್ಲಿ ಹಾಗಿಲ್ಲವಲ್ಲ..."

"ನಿಮ್ ಲೆಕ್ಕ ತಪ್ಪು. ಬರ್ಕೊಳ್ಳಿ."

ಅಷ್ಟರಲ್ಲಿ ಫೋನಿನಲ್ಲಿ ಕೇಳುಗರೊಬ್ಬರು ಬಂದಿದ್ದಾರೆ ಎಂದ. ಕೆಮ್ಮು ಕೇಳಿಸಿತು. ಕೆಮ್ಮಿನಲ್ಲೇ ಗೊತ್ತಾಯಿತು. ಡೆಸ್. ಎಂಬತ್ತರ ಮುದುಕ.

"ಅವಳ ಮಾತು ಕೇಳ್ಬೇಡ್ರೀ. ಸೈರನ್ ವಿಷಯ ಬಿಡಿ, ಆ ಕೊನೇ ಟ್ರೈ ಇದ್ಯಲ್ಲ, ಆ ಬೊರ್ಗ್ ಚೆಂಡು ಎಸೆದಿದ್ದು ಮುಂದಕ್ಕೆ! ಬೇಲಿ ಹತ್ರಾನೇ ನಿಂತಿದ್ದೆ ನಾನು. ಒಂದ್ ಗಜ ಮುಂದಕ್ಕೆ! ಆ ಟ್ರೈ ಲೆಕ್ಕಕ್ಕೇ ಇಲ್ಲ!"

"ಮುಂದಕ್ಕೆ ಎಸೀಲಿಲ್ಲಪ್ಪಾ ಅವಳು!"

"ಎಸೆದ್ಲು! ನೀನು ಮಣ್ಣಲ್ಲಿ ಮುಖ ಇಟ್ಕೊಂಡು ಬಿದ್ದಿದ್ದೆ, ನಿಂಗೆಲ್ಲಿ ಕಾಣ್ಬೇಕು? ಅದಕ್ಕೂ ಮುಂಚೆ ಆ ಎಡಗಡೆ ಹುಡುಗೀನ ನೀನು ಕೆಡವಿದ್ಯಲ್ಲ, ಅಂಥ ಹಿಡಿತ ನಾನು ಗಂಡಸ್ರಲ್ಲೂ ನೋಡಿಲ್ಲ, ಅಲ್ಲೇ ಚೆಂಡು ನಿಮ್ದಾಗ್ಬೇಕಿತ್ತು..."

ನಾನು ಹಿಟ್ಟಿನ ಕೈಯಲ್ಲೇ ರೇಡಿಯೋದ ಸದ್ದು ಜೋರು ಮಾಡಿದೆ.

"ಇದನ್ನ ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ಯಾ?" ನೊಯ್ಲೀನಳ ದನಿ ಏರಿತು. "ಮನೇಲಿ ಹೇಳಕ್ಕೆ ಏನಾಗಿತ್ತು ನಿಂಗೆ ರೋಗ? ಊರೆಲ್ಲ ಕೇಳೋ ಥರ ರೇಡಿಯೋದಲ್ಲೇ ಹೇಳ್ಬೇಕಾ?"

"ನೀನು ಕೇಳಿದ್ರೆ ತಾನೆ!"

"ಎಸೆದಿದ್ದು ಪಕ್ಕಕ್ಕೆ!"

"ಮುಂದಕ್ಕೆ!"

ರೇಡಿಯೋದವನು ಅವಸರದಲ್ಲಿ ಯಾವುದೋ ಹಾಡು ಹಾಕಿದ. ನಾನು ಕೈ ತೊಳೆದು ಫೋನು ಎತ್ತಿಕೊಂಡೆ. ಸಾಕ್ಷಿ ಕೇಳಲು ಮೊದಲು ಬಂದದ್ದು ಡೆಸ್‌ನ ಕರೆ, ಅದನ್ನು ಇಡುವ ಮೊದಲೇ ನೊಯ್ಲೀನಳದು.