ನಿದ್ದೆ ಡಾಕ್ಟರ ಕಿವಿ

ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ನಿದ್ದೆ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ಅವರು ಬದುಕಿದ್ದಾಗ ಬಾಯಿ ಬಿಡದ ನಾನು ಈಗ ಬರೆಯಲು ಕೂತಿದ್ದೇನೆ. ಇದನ್ನು ಧೈರ್ಯ ಎಂದು ಯಾರೂ ಹೊಗಳಬೇಡಿ. ಆಪರೇಷನ್ ಥಿಯೇಟರಿನಲ್ಲಿ ಹತ್ತೊಂಬತ್ತು ವರ್ಷ ಅವರ ಎಡಗಡೆ ನಿಂತ ಟೆಕ್ನಿಷಿಯನ್ ನಾನು. ಅರಿವಳಿಕೆಯ ಯಂತ್ರ ಸಿದ್ಧಪಡಿಸುವುದು, ಸಿರಿಂಜುಗಳಿಗೆ ಚೀಟಿ ಅಂಟಿಸುವುದು, ಕೇಳಿದ್ದನ್ನು ಕೈಗೆ ಕೊಡುವುದು ನನ್ನ ಕೆಲಸ.

ಅವರ ಅಪ್ಪ ನೂಲಿನ ಗಿರಣಿಯಲ್ಲಿ ದುಡಿದವರು. ಗಿರಣಿಯ ಸದ್ದಿಗೆ ನಲವತ್ತು ತುಂಬುವ ಮೊದಲೇ ಎರಡೂ ಕಿವಿ ಹೋಗಿದ್ದವು. ಬೀದಿಯ ಮಕ್ಕಳು ಬೆನ್ನ ಹಿಂದೆ ಬಂದು ಬೈದು ಓಡುತ್ತಿದ್ದರಂತೆ. ಅಪ್ಪ ತಿರುಗಿ ನೋಡಿ, ಏನೋ ಪ್ರೀತಿಯಿಂದ ಕರೆದರೆಂದುಕೊಂಡು ಕೈಬೀಸುತ್ತಿದ್ದರಂತೆ. ಆ ಮಕ್ಕಳ ಗುಂಪಿನಲ್ಲಿ ಒಂದು ದಿನ ತಾನೂ ಇದ್ದೆ ಎಂದು ಡಾಕ್ಟ್ರು ನನಗೊಮ್ಮೆ ಹೇಳಿದ್ದರು. ಎಂಟು ವರ್ಷದ ಹುಡುಗ, ಗೆಳೆಯರ ಮುಂದೆ ಮರ್ಯಾದೆ ಹೋಗುತ್ತದೆಂದು ಹೆತ್ತಪ್ಪನಿಗೇ ಬೈದು ಓಡಿದ್ದ. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಓದಿನಲ್ಲಿ ಚುರುಕು. ಸರ್ಜನ್ ಆಗಬೇಕೆಂಬ ಆಸೆಯಿತ್ತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುವ ಹಾಗೆ ಒಂದೂವರೆ ಅಂಕದಲ್ಲಿ ಆ ಸೀಟು ತಪ್ಪಿ ಅರಿವಳಿಕೆಯ ಸೀಟು ಸಿಕ್ಕಿತು. ಸೋದರಮಾವ ಮನೆಗೆ ಬಂದು, ಅಂದರೆ ನೀನು ಕೊಯ್ಯುವವನಲ್ಲ, ಬರೀ ಮಲಗಿಸುವವನು, ಅದಕ್ಕೆ ಇಷ್ಟು ವರ್ಷ ಓದಬೇಕಿತ್ತಾ, ನಿಮ್ಮತ್ತೆ ಮಾತಿಗೆ ಕೂತರೆ ಇಡೀ ಓಣಿ ಮಲಗುತ್ತದೆ ಎಂದರಂತೆ. ಮಲಗಿಸುವುದಕ್ಕೆ ಓದು ಬೇಡ ಮಾವ, ಎಬ್ಬಿಸುವುದಕ್ಕೆ ಬೇಕು ಎಂದು ಇವರು ಉತ್ತರ ಕೊಟ್ಟರಂತೆ. ಈ ಕತೆಯನ್ನು ನಾನು ಕಡಿಮೆಯೆಂದರೂ ಐವತ್ತು ಸಲ ಕೇಳಿದ್ದೇನೆ, ಐವತ್ತು ಸಲವೂ ನಕ್ಕಿದ್ದೇನೆ. ಹೊಟ್ಟೆ ಹೊಲಿದ ಸರ್ಜನ್ನರಿಗೆ ಹಣ್ಣಿನ ಬುಟ್ಟಿ ಬರುತ್ತಿತ್ತು. ಮೂರು ಗಂಟೆ ಕಾಲ ಉಸಿರು ಕಾದ ಇವರು ಎದುರಿಗೆ ಬಂದರೆ, ಕಾಯಿಲೆ ವಾಸಿಯಾದವರು ಬಾತ್‌ರೂಮ್ ಯಾವ ಕಡೆ ಎಂದು ಕೇಳುತ್ತಿದ್ದರು. ಇವರು ದಾರಿ ತೋರಿಸಿ ಬರುತ್ತಿದ್ದರು.

ಥಿಯೇಟರಿನಲ್ಲಿ ಒಂದು ಯಂತ್ರ ರೋಗಿಯ ಬೆರಳಿಗೆ ಕಚ್ಚಿಕೊಂಡು ನಾಡಿಯ ಜೊತೆಗೇ ಟಿಂಕ್ ಟಿಂಕ್ ಎನ್ನುತ್ತಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ಆ ದನಿಯೂ ಮೆಲ್ಲಗೆ ಕೆಳಗಿಳಿಯುತ್ತದೆ. ಡಾಕ್ಟ್ರು ಪರದೆ ನೋಡುತ್ತಲೇ ಇರಲಿಲ್ಲ. ಸರ್ಜನ್ ಜೊತೆ ಹರಟುತ್ತ, ಮಾತಿನ ನಡುವೆಯೇ ಕೈಚಾಚಿ ಕೊಳವೆ ಸರಿಮಾಡುತ್ತಿದ್ದರು. ನಾನು ಹೊಸಬಳಾಗಿದ್ದಾಗ ಕಣ್ಣು ಮುಚ್ಚಿಸಿ, ಈಗ ಎಷ್ಟಿದೆ ಹೇಳು ಎಂದು ಪರೀಕ್ಷೆ ಮಾಡುತ್ತಿದ್ದರು. ತೊಂಬತ್ತೇಳು ಎಂದರೆ ತೊಂಬತ್ತೇಳೇ ಇರಬೇಕು. ಆರು ತಿಂಗಳಲ್ಲಿ ಕಲಿತೆ. ಹನ್ನೆರಡನೇ ಕ್ಲಾಸಿಗೆ ಓದು ನಿಲ್ಲಿಸಿದವಳಿಗೆ ಅದೇ ದೊಡ್ಡ ಪದವಿ.

ಅವರಿಗೆ ಐವತ್ತೆಂಟರ ಸುಮಾರಿಗೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಪರದೆಯನ್ನು ಪದೇಪದೇ ನೋಡತೊಡಗಿದ್ದರು. ಯಂತ್ರದ ಸದ್ದು ಹೆಚ್ಚಿಸುತ್ತಿದ್ದರು, ಸರ್ಜನ್ ಇದೇನು ಸಂತೆಯೇ ಎಂದು ತಗ್ಗಿಸುತ್ತಿದ್ದರು. ಕತ್ತರಿ ಎಲ್ಲಿ ಎಂದರೆ ಇವರು ಹೌದು ಹೌದು ಎನ್ನುತ್ತಿದ್ದರು. ಒಂದು ದಿನ ದನಿ ಇಳಿಯಿತು, ಅವರು ಕದಲಲಿಲ್ಲ. ನಾನು ಅವರ ಮೊಣಕೈ ಮೇಲೆ ಬೆರಳಿಟ್ಟೆ. ತಕ್ಷಣ ಪರದೆ ನೋಡಿ ಸರಿಪಡಿಸಿದರು. ಆಮೇಲೆ ಕೈ ತೊಳೆಯುವಾಗ ಇಬ್ಬರೂ ಆ ವಿಷಯ ಎತ್ತಲಿಲ್ಲ.

ಅಲ್ಲಿಂದ ಎರಡು ವರ್ಷ ಹಾಗೇ ನಡೆಯಿತು. ದನಿ ಇಳಿದರೆ ನನ್ನ ಬೆರಳು, ನನ್ನ ಬೆರಳಿಗೆ ಅವರ ಕೈ. ಅಪ್ಪನ ಹಾಗೆ ನಗೆಪಾಟಲಾಗುವುದು ಅವರಿಗೆ ಸಾವಿಗಿಂತ ಹೆಚ್ಚು ಎಂದು ನನಗೆ ಗೊತ್ತಿತ್ತು. ಕನಿಕರದಿಂದ ಸುಮ್ಮನಿದ್ದೆ ಎಂದು ಹೇಳಿದರೆ ಅದು ಅರ್ಧ ಸತ್ಯ. ಇನ್ನರ್ಧ ಜಂಬ. ಅಷ್ಟು ದೊಡ್ಡ ಡಾಕ್ಟರು ನಾನಿಲ್ಲದೆ ನಡೆಯುವುದಿಲ್ಲ ಎಂಬುದು ನನಗೆ ಒಳಗೊಳಗೇ ಹಿತವಾಗಿತ್ತು.

ಮಗಳ ಹೆರಿಗೆಗೆ ನಾಲ್ಕು ದಿನ ರಜೆ ಬೇಕಾಯಿತು. ಹಿಂದಿನ ದಿನ ಸಿರಿಂಜು ಜೋಡಿಸುತ್ತ, ತಲೆಯೆತ್ತದೆ, ಎರಡು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟೆ.

"ನಾ ಬರೋವರೆಗೂ ನೀವೂ ರಜಾ ಹಾಕಿ ಸರ್."

ಅವರು ನನ್ನ ತುಟಿಗಳನ್ನು ನೋಡಲು ಬಗ್ಗಿದ್ದರು. ಅರ್ಥವಾಯಿತು. ಮುಖ ಕೆಂಪಾಯಿತು. "ನಾಲ್ಕು ದಿನ ತಾನೇ. ಸಣ್ಣಪುಟ್ಟ ಕೇಸ್‌ಗಳೇ ಇರೋದು. ನೀನು ಹೋಗಿ ಮೊಮ್ಮಗು ನೋಡ್ಕೊಂಡು ಬಾರಮ್ಮ" ಎಂದರು.

ಸರ್ಜನ್ ಹತ್ತಿರ ಹೋಗಿ ಹೇಳಬಹುದಿತ್ತು. ಅವರ ಕೋಣೆ ಎಂಟು ಹೆಜ್ಜೆ ಆಚೆಗಿತ್ತು, ಬಾಗಿಲೂ ತೆರೆದಿತ್ತು. ನಾನು ಚೀಲ ತಗೊಂಡು ಬಸ್ಸಿಗೆ ಹೋದೆ.

ಮೂರನೇ ದಿನ ಬೆಳಿಗ್ಗೆ ಒಬ್ಬ ಹೆಂಗಸಿಗೆ ಪಿತ್ತಕೋಶದ ಆಪರೇಷನ್. ಮೂವತ್ನಾಲ್ಕು ವರ್ಷ, ಗಂಡ ಬಸ್ ಡ್ರೈವರ್, ಎರಡು ಮಕ್ಕಳು. ಮೇಜನ್ನು ಓರೆ ಮಾಡಿದಾಗ ಉಸಿರಿನ ಕೊಳವೆ ಜಾರಿತು. ದನಿ ಇಳಿಯಿತು. ಡಾಕ್ಟ್ರು ತಲೆ ತಗ್ಗಿಸಿ ಚಾರ್ಟ್ ಬರೆಯುತ್ತಿದ್ದರು. ಎಚ್ಚರಿಕೆಯ ಗಂಟೆಯೂ ಸಣ್ಣಗೆ ಕೂಗಿತು, ಆದರೆ ದಿನಕ್ಕೆ ಇಪ್ಪತ್ತು ಸಲ ಸುಳ್ಳೇ ಕೂಗುವ ಗಂಟೆ ಅದು. ನನ್ನ ಬದಲು ನಿಂತಿದ್ದವರು ನನಗಿಂತ ಹಳಬರು, ಕೆಲಸ ಬಲ್ಲವರು. ದನಿ ಇಳಿದದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಡಾಕ್ಟ್ರೇ ಆರಾಮಾಗಿ ಬರೀತಾ ಇದ್ದಾರಲ್ಲ, ಏನೋ ಬೇಕೆಂದೇ ಬಿಟ್ಟಿರಬೇಕು ಎಂದುಕೊಂಡೆ ಎಂದು ಆಮೇಲೆ ನನ್ನ ಮುಂದೆ ಅತ್ತರು. ಕೊನೆಗೆ ಸರ್ಜನ್, ರಕ್ತ ಯಾಕೋ ಕಪ್ಪಾಗಿದೆ ಎಂದು ಕೂಗಿದಾಗಲೇ ಇವರು ತಲೆಯೆತ್ತಿದ್ದು. ಹೃದಯ ನಿಂತಿತು, ಮತ್ತೆ ನಡೆಯಿತು. ಆಕೆ ಮಾತ್ರ ಏಳಲಿಲ್ಲ. ಒಂಬತ್ತು ದಿನ ಹಾಗೇ ಇದ್ದು ಹೋದಳು.

ಆ ಒಂಬತ್ತು ದಿನ ಡಾಕ್ಟ್ರು ಅವಳ ಮಂಚದ ಪಕ್ಕದ ಕಬ್ಬಿಣದ ಸ್ಟೂಲ್ ಬಿಟ್ಟು ಏಳಲಿಲ್ಲ. ನಾನು ಮೊಮ್ಮಗುವನ್ನು ಎತ್ತಿ ಆಡಿಸಿದ ಕೈಯಲ್ಲೇ ಬಂದು ಅವರಿಗೆ ಟೀ ಕೊಟ್ಟೆ. ತಗೊಳ್ಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬೈಯಲೂ ಇಲ್ಲ.

ವಿಚಾರಣೆ ಆಸ್ಪತ್ರೆಯ ಮೀಟಿಂಗ್ ಕೋಣೆಯಲ್ಲೇ ನಡೆಯಿತು. ಉದ್ದದ ಮೇಜಿನ ಹಿಂದೆ ಮೂವರು ಹಿರಿಯ ಡಾಕ್ಟರುಗಳು, ತುದಿಯಲ್ಲಿ ಬರೆದುಕೊಳ್ಳುವ ಗುಮಾಸ್ತ. ತೀರಿಹೋದವಳ ಗಂಡ ಡ್ಯೂಟಿಯ ಬಟ್ಟೆಯಲ್ಲೇ ಬಂದು ಗೋಡೆ ಪಕ್ಕ ಕೂತಿದ್ದ. ಡಾಕ್ಟ್ರು ಯಾರೂ ಕೇಳುವ ಮುಂಚೆಯೇ ಹೇಳಿದರು, ಎರಡು ವರ್ಷದಿಂದ ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ತಪ್ಪೆಲ್ಲ ನನ್ನದು ಎಂದು. ಈ ವಿಷಯ ಬೇರೆ ಯಾರಿಗೆ ತಿಳಿದಿತ್ತು ಎಂದು ಆ ಹಿರಿಯರು ಕಾಗದದಲ್ಲಿ ಬರೆದು ತೋರಿಸಿ ಕೇಳಿದರು.

"ಯಾರಿಗೂ ಗೊತ್ತಿರ್ಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೆ" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ತಲೆ ತಗ್ಗಿಸಿದೆ. ಬೆಳಿಗ್ಗೆ ಮನೆಯಿಂದ ಹೊರಟಾಗ ನಿಜ ಹೇಳಿಬಿಡಬೇಕು ಎಂದೇ ಹೊರಟಿದ್ದೆ. ನನ್ನ ಗಂಡನಿಗೂ ಹೇಳಿದ್ದೆ. ನಡುವೆ ಕೂತ ಹಿರಿಯರು ನನ್ನ ಕಡೆ ತಿರುಗಿ, ಇಷ್ಟು ವರ್ಷ ಪಕ್ಕದಲ್ಲೇ ನಿಂತವರು ನೀವು, ನಿಮಗೂ ಅನುಮಾನ ಬರಲಿಲ್ಲವೇ ಎಂದರು. ಡ್ರೈವರ್ ನನ್ನನ್ನೇ ನೋಡುತ್ತಿದ್ದ. ಗೊತ್ತಿರಲಿಲ್ಲ ಎಂದುಬಿಟ್ಟೆ. ಮಾತು ಗಂಟಲಿನಿಂದ ಆಚೆ ಬಂತೋ ಇಲ್ಲವೋ ಎನ್ನುವಷ್ಟು ಸಣ್ಣಗೆ.

ಏನಂದಳು ಎಂದು ಡಾಕ್ಟ್ರು ಗುಮಾಸ್ತನನ್ನು ಕೇಳಿದರು. ಅವನು ಎರಡು ಸಲ ಹೇಳಿದ, ಅವರಿಗೆ ತಿಳಿಯಲಿಲ್ಲ. ನನ್ನ ಕಡೆ ತಿರುಗಿ ಕಿವಿಗೆ ಅಂಗೈ ಮರೆ ಮಾಡಿದರು.

"ನೀನೇ ಹೇಳಮ್ಮ. ನಿನ್ನ ದನಿ ಆದ್ರೆ ಸ್ವಲ್ಪ ಗೊತ್ತಾಗುತ್ತೆ."

ಎದ್ದು ಅವರ ಹತ್ತಿರ ಹೋದೆ. ಕಿವಿಯ ಬಳಿ ಬಗ್ಗಿ, ಮೇಜಿನವರಿಗೂ ಗೋಡೆ ಪಕ್ಕದವನಿಗೂ ಕೇಳುವ ಹಾಗೆ ಕೂಗಿ ಹೇಳಿದೆ.

"ನಂಗೆ ಗೊತ್ತಿರ್ಲಿಲ್ಲ ಸರ್."

"ಹಾಂ, ಸರಿ" ಎಂದು ಅವರು ತಲೆದೂಗಿ, ಗುಮಾಸ್ತನಿಗೆ ಬರೆದುಕೊಳ್ಳಲು ಹೇಳಿದರು.