ಬಿಚ್ಚಿ ನೋಡದ ಕಾಲು

ಪೀಣ್ಯದಲ್ಲಿ ಹಳೆಯ ಲೇತ್ ಮಿಷಿನ್‌ಗಳನ್ನು ಕೊಂಡು ಮಾರಿ ಬದುಕು ಕಟ್ಟಿಕೊಂಡವನು ನಾನು. ಕವರ್ ಬಿಚ್ಚದೆ ಯಾವ ಮಿಷಿನ್ನಿಗೂ ಬೆಲೆ ಹೇಳಿದವನಲ್ಲ. ಅಂಥವನು ಮೊದಲ ಮೊಮ್ಮಗಳ ಕಾಲನ್ನು ಎರಡು ದಿನ ಬಿಚ್ಚಿ ನೋಡಲಿಲ್ಲ. ನೆನೆದರೆ ನನ್ನ ಮೇಲೇ ಹೇಸಿಗೆ.

ಹುಟ್ಟಿದ ಮಗು ಹಾಲು ಕುಡಿಯದೆ ಸೊರಗಿತ್ತು. ಹತ್ತಿರದ ನರ್ಸಿಂಗ್ ಹೋಮಿನವರು ಕೈಯಲ್ಲಿ ನರ ಸಿಗಲಿಲ್ಲವೆಂದು ಬಲತೊಡೆಯ ಸಂದಿಯ ರಕ್ತನಾಳಕ್ಕೆ ನಳಿಕೆ ಇಳಿಸಿ ಡ್ರಿಪ್ಸ್ ಕೊಟ್ಟರು. ಆರನೇ ದಿನ ನಳಿಕೆ ತೆಗೆದು ಮನೆಗೆ ಕಳಿಸಿದರು. ಮನೆಯಲ್ಲಿ ಪುರುಡು, ಹನ್ನೊಂದನೇ ದಿನದವರೆಗೆ ಗಂಡಸರು ಬಾಣಂತಿ ಕೋಣೆಗೆ ಕಾಲಿಡಬಾರದು, ಮಗುವನ್ನು ಮುಟ್ಟಬಾರದು. ಕಾಲು ಊದಿದೆ ಎಂದು ಮಗಳು ಅಳುತ್ತಿದ್ದಳು. ಬಾಗಿಲಾಚೆ ನಿಂತು, ಬಾಣಂತನಕ್ಕೆ ಬಂದಿದ್ದ ನನ್ನ ಅಕ್ಕನನ್ನು ಕೇಳಿದೆ.

"ಶೀತ ಕಣೋ. ಹರಳೆಣ್ಣೆ ಬಿಸಿ ಮಾಡಿ ತಿಕ್ತಿದೀನಿ. ಹೆಂಗಸರ ವಿಷಯದಲ್ಲಿ ನಿಂದೇನು?"

ನರ್ಸಿಂಗ್ ಹೋಮಿಗೆ ಫೋನ್ ಮಾಡಿದರೆ, "ಬಟ್ಟೆ ಬಿಗಿಯಾಗಿ ಸುತ್ತಿರ್ತೀರ ಸಾರ್, ಸಡಿಲ ಮಾಡಿ" ಎಂದರು. ತಾವು ನಳಿಕೆ ಹಾಕಿದ್ದ ಕಾಲೇ ಅದು ಎಂಬುದು ಹೊಳೆಯಲಿಲ್ಲವೋ, ಹೊಳೆದೂ ನುಂಗಿಕೊಂಡರೋ.

ಎಂಟನೇ ದಿನ ಮಗುವಿನ ಅಳು ಕೀರಲಾಯಿತು. ಒಳಗೆ ನುಗ್ಗಿದೆ.

"ಮೈಲಿಗೆ ಆಗುತ್ತೆ ಕಣೋ."

"ಆಗ್ಲಿ ಬಿಡಕ್ಕ, ತೊಳ್ಕೋತೀನಿ."

ಉಣ್ಣೆಯ ಕಾಲುಚೀಲ ಎಣ್ಣೆಗೆ ಅಂಟಿಕೊಂಡು ಕಮಟು ನಾರುತ್ತಿತ್ತು. ಒಳಗೆ ನೇರಳೆ ಬಣ್ಣಕ್ಕೆ ತಿರುಗಿದ ಕಾಲು, ಮಿರುಗುವಷ್ಟು ಬಿಗಿದ ಚರ್ಮ. ಎಡಗಾಲಿನ ಒಂದೂವರೆ ಪಟ್ಟು ದಪ್ಪ. ಮಗುವನ್ನು ಎತ್ತಿಕೊಂಡು ಹೊರಟೆ, ಮಗಳೂ ಅಕ್ಕನೂ ಹಿಂದೆಯೇ ಬಂದರು.

ಮಕ್ಕಳ ಆಸ್ಪತ್ರೆಯ ಡಾಕ್ಟರು ತೊಡೆಗೆ ಜೆಲ್ಲಿ ಹಚ್ಚಿ, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿದರು. "ರಕ್ತ ಹೆಪ್ಪುಗಟ್ಟಿ ನಾಳ ಕಟ್ಕೊಂಡಿದೆ. ತಿಕ್ಕಿದ್ದು ಯಾರು? ಒಂದು ಚೂರು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗಿದ್ರೆ?"

ಅಕ್ಕ ಗೋಡೆ ನೋಡಿದಳು. ನಾನು ನನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಇಳಿದೆ.

"ಇವತ್ತೇ ಕರಗಿಸೋ ಔಷಧಿ ಇದೆಯಂತಲ್ಲ ಮೇಡಂ, ಅದನ್ನೇ ಕೊಡಿ."

"ಕೊಟ್ರೆ ತಲೆಯೊಳಗೆ ರಕ್ತ ಸೋರಬಹುದು. ಪಾದಕ್ಕೆ ರಕ್ತ ಹೋಗ್ತಾ ಇದೆ, ಅಷ್ಟು ಆತುರ ಬೇಡ. ಹೆಪ್ಪು ಬೆಳೀದಂಗೆ ದಿನಕ್ಕೆರಡು ಇಂಜೆಕ್ಷನ್, ಆರು ವಾರ. ಕರಗಿಸೋದನ್ನ ಮೈ ತಾನೇ ಮಾಡ್ಕೊಳುತ್ತೆ."

"ನಾಲ್ಕು ವಾರಕ್ಕೆ ಮುಗಿಸಿ."

"ಸಾರ್, ನೀವು ವ್ಯಾಪಾರದವರಾ?"

ಆರು ವಾರಕ್ಕೇ ಚೀಟಿ ಬರೆಸಿಕೊಂಡೆ.

ಕೆಲವು ದಿನ ಅಲ್ಲೇ ಇಟ್ಟುಕೊಂಡು, ಆಗಾಗ ರಕ್ತ ಪರೀಕ್ಷೆ ಮಾಡಿ ಮದ್ದಿನ ಅಳತೆ ಸರಿಪಡಿಸಿ ಕಳಿಸಿದರು. ಮಗಳಿಗೆ ಚುಚ್ಚಲು ಮನಸ್ಸು ಬಾರದ್ದರಿಂದ ಮನೆಯಲ್ಲಿ ಸೂಜಿ ಚುಚ್ಚುವುದನ್ನು ನಾನೇ ಕಲಿತೆ. ಪ್ರತಿ ಸಲವೂ ಮಗು ಬೆಚ್ಚಿ ನನ್ನ ಮುಖವನ್ನೇ ನೋಡುತ್ತಿತ್ತು.

ಎಳೆಮಗುವಿಗೆ ನಳಿಕೆ ಹಾಕಿಸಿದವರಿಗೆ ನನ್ನದೊಂದು ಮಾತು: ದಿನಕ್ಕೆರಡು ಸಲ ಎರಡೂ ಕಾಲು ಬಿಚ್ಚಿ, ಪಕ್ಕಪಕ್ಕ ಇಟ್ಟು, ಬಣ್ಣ, ದಪ್ಪ ನೋಡಿ. ಒಂದು ಬೇರೆ ಕಂಡರೆ ಯಾರ ಮಾತಿಗೂ ಕಾಯಬೇಡಿ, ಹೊರಡಿ.

ಆರನೇ ವಾರದ ಸ್ಕ್ಯಾನಿನಲ್ಲಿ ರಕ್ತ ಹರಿಯುತ್ತಿತ್ತು, ಪೂರ್ತಿಯಾಗಿ ಅಲ್ಲ. ಈಗ ಮೊಮ್ಮಗಳು ಶಾಲೆಗೆ ಹೋಗುತ್ತಾಳೆ, ಓಡುತ್ತಾಳೆ. ಸಂಜೆ ಹೊತ್ತಿಗೆ ಬಲಗಾಲು ಸ್ವಲ್ಪ ಊದುತ್ತದೆ. ಶೂ ಕೊಳ್ಳುವಾಗ ಆ ಕಾಲಿನ ಅಳತೆಯನ್ನೇ ಕೊಡುತ್ತೇವೆ.